ಬಿಸಿಲುನಾಡಿನಿಂದ ಹಿಮದ ಬೆಟ್ಟಕ್ಕೆ: ಹಗುರವಾದ ಚೀಲ, ಬೆಚ್ಚನೆಯ ಬಟ್ಟೆ ಜೋಡಿಸುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆಯಿಂದ ಮೊದಲ ಬಾರಿಗೆ ಹಿಮಾಲಯದ ಚಾರಣಕ್ಕೆ ಹೊರಡುವವರ ಚೀಲ ಬಿಚ್ಚಿದರೆ ಎರಡು ದಪ್ಪ ಸ್ವೆಟರ್, ಎರಡು ಜೀನ್ಸ್, ಅರ್ಧ ಡಜನ್ ಬನಿಯನ್, ಒಂದು ಶಾಲು, ಜೊತೆಗೆ ಮನೆಯವರು ಕೊನೆಯ ಗಳಿಗೆಯಲ್ಲಿ ತುರುಕಿದ ಒಂದು ಹೊದಿಕೆ ಕಾಣುವುದು ಸಾಮಾನ್ಯ. ವರ್ಷದ ಬಹುಪಾಲು ಬೆವರಿನಲ್ಲೇ ಕಳೆಯುವ ನಮಗೆ ಚಳಿಯ ಅಳತೆ ಗೊತ್ತಿರುವುದಿಲ್ಲ. ಹಾಗಾಗಿ ಕಪಾಟಿನಲ್ಲಿರುವ ದಪ್ಪನೆಯದೆಲ್ಲವೂ ಚೀಲ ಸೇರುತ್ತದೆ. ಆದರೆ ಬೆಟ್ಟದಲ್ಲಿ ಮೈಯ ಶಾಖವನ್ನು ಹಿಡಿದಿಡುವುದು ಬಟ್ಟೆಯ ಪದರಗಳ ನಡುವೆ ಅಲುಗಾಡದೆ ನಿಂತ ಒಣ ಗಾಳಿ. ಈ ಸಂಗತಿಯನ್ನು ಮುಂದಿಟ್ಟುಕೊಂಡು ಜೋಡಿಸಿದರೆ ತೂಕವೂ ಇಳಿಯುತ್ತದೆ, ಚಳಿಯೂ ತಡೆಯುತ್ತದೆ. ಇಲ್ಲಿ ಉದಾಹರಣೆಗೆಂದು ಉತ್ತರಾಖಂಡದ ಕೇದಾರಕಂಠದಂತಹ, ನಾಲ್ಕೈದು ದಿನ ನಡೆಯುವ ಚಳಿಗಾಲದ ಚಾರಣವನ್ನು ಇಟ್ಟುಕೊಂಡಿದ್ದೇನೆ. ಸಹ್ಯಾದ್ರಿಗೆ ಹೋಗುವವರು ಏನನ್ನು ಬಿಡಬಹುದೆಂಬುದನ್ನೂ ಅಲ್ಲಲ್ಲಿ ಹೇಳಿದ್ದೇನೆ.

ಹಂತ 1: ಚಳಿಯನ್ನು ಲೆಕ್ಕ ಹಾಕುವುದು

ಎತ್ತರ 1,000 ಮೀಟರ್ ಏರಿದರೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬಳ್ಳಾರಿ ಇರುವುದು ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿ. ಕೇದಾರಕಂಠದ ಶಿಖರ ಸುಮಾರು 3,800 ಮೀಟರ್. ಎತ್ತರದ ವ್ಯತ್ಯಾಸವೊಂದರಿಂದಲೇ 21 ಡಿಗ್ರಿ ಇಳಿಯುತ್ತದೆ ಎಂದಾಯಿತು. ಇದರ ಮೇಲೆ ಅಕ್ಷಾಂಶದ ಲೆಕ್ಕವೂ ಸೇರಬೇಕು: ನಾವು ಸುಮಾರು 15 ಡಿಗ್ರಿ ಉತ್ತರದಲ್ಲಿದ್ದರೆ ಆ ಶಿಖರ 31 ಡಿಗ್ರಿಯಲ್ಲಿದೆ. ಡಿಸೆಂಬರಿನ ರಾತ್ರಿ ನಮ್ಮೂರಿನಲ್ಲಿ 15 ಡಿಗ್ರಿಯಾದರೆ ಕಿಟಕಿ ಮುಚ್ಚಿ ಹೊದ್ದುಕೊಳ್ಳುತ್ತೇವೆ. ಅದೇ ರಾತ್ರಿ ಅಲ್ಲಿ ಶೂನ್ಯಕ್ಕಿಂತ ಸಾಕಷ್ಟು ಕೆಳಗಿರುತ್ತದೆ, ಗಾಳಿ ಬೀಸಿದರೆ ಮೈಗೆ ತಟ್ಟುವ ಚಳಿ ಇನ್ನೂ ಹೆಚ್ಚು.

ಇದೇ ಲೆಕ್ಕವನ್ನು 1,712 ಮೀಟರಿನ ಕುಮಾರಪರ್ವತಕ್ಕೋ 1,930 ಮೀಟರಿನ ಮುಳ್ಳಯ್ಯನಗಿರಿಗೋ ಹಾಕಿದರೆ ನಮಗಿಂತ ಎಂಟೊಂಬತ್ತು ಡಿಗ್ರಿ ಕಡಿಮೆ ಬರುತ್ತದೆ, ಅಷ್ಟೇ. ಅಲ್ಲಿಗೆ ಹಿಮಾಲಯದ ಜಾಕೆಟ್ ಹೊತ್ತೊಯ್ಯುವುದು ವ್ಯರ್ಥ ಶ್ರಮ. ಒಂದು ಫ್ಲೀಸ್ (ಪಾಲಿಯೆಸ್ಟರಿನ ಮೆತ್ತನೆಯ, ಬೆಚ್ಚನೆಯ ಅಂಗಿ) ಮತ್ತು ಗಾಳಿ ತಡೆಯುವ ತೆಳು ಅಂಗಿ ಸಾಕು. ಆದ್ದರಿಂದ ಯಾವ ತಿಂಗಳು, ಯಾವ ಎತ್ತರದಲ್ಲಿ ಮಲಗುತ್ತೇವೆ ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಅಂಗಡಿಗೆ ಹೋಗಬೇಕು. ಶಿಖರದ ಎತ್ತರಕ್ಕಿಂತ ರಾತ್ರಿ ತಂಗುವ ಬಿಡಾರದ ಎತ್ತರವೇ ಇಲ್ಲಿ ಮುಖ್ಯವಾದುದು.

ಹಂತ 2: ನೆಲದ ಮೇಲೆ ಹರಡಿ ತೂಗುವುದು

ಒಯ್ಯಬೇಕೆಂದುಕೊಂಡ ಎಲ್ಲವನ್ನೂ ಚಾಪೆಯ ಮೇಲೆ ಹರಡಿ ಒಂದೊಂದನ್ನೂ ತೂಗಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ಓಣಿಯ ಕಿರಾಣಿ ಅಂಗಡಿಯವರನ್ನು ಕೇಳಿದರೆ ಆಯಿತು. ಅವರು ನಗಬಹುದು, ತೂಗಿಕೊಡದೆ ಇರುವುದಿಲ್ಲ. ನೀರು, ಆಹಾರ, ಇಂಧನ ಇವು ದಿನದಿನಕ್ಕೆ ಕರಗುವ ತೂಕ. ಉಳಿದದ್ದೆಲ್ಲ ಮೊದಲ ದಿನದಿಂದ ಕೊನೆಯ ದಿನದವರೆಗೆ ಬೆನ್ನ ಮೇಲೆ ಕೂರುವ ಮೂಲ ತೂಕ. ಹಗುರವಾಗಿ ನಡೆಯುವವರು ಮೂಲ ತೂಕವನ್ನು 9 ಕಿಲೋದೊಳಗೆ ಇಡುತ್ತಾರೆ, ಅತಿ ಹಗುರದವರು 4.5 ಕಿಲೋದೊಳಗೆ. ಎರಡನೆಯದು ದುಬಾರಿ ಸಾಮಗ್ರಿಯನ್ನೂ ಬಹಳ ಅನುಭವವನ್ನೂ ಬೇಡುತ್ತದೆ, ಹಿಮದಲ್ಲಿ ಅದರ ಗೊಡವೆ ಹೊಸಬರಿಗೆ ಬೇಡ. ಡೇರೆಯನ್ನು ತಂಡದವರು ಒದಗಿಸುವುದಾದರೆ 6 ಕಿಲೋ ಮೂಲ ತೂಕ ಸಾಧ್ಯವಾದ ಗುರಿ: ಚೀಲ 1.4, ಸ್ಲೀಪಿಂಗ್ ಬ್ಯಾಗ್ 1.3, ಹಾಸುವ ಮ್ಯಾಟ್ 0.4, ಮೂರು ಮೇಲ್ಪದರದ ಅಂಗಿಗಳು ಸೇರಿ 1, ಒಳಪದರ ಮತ್ತು ಬದಲಿ ಬಟ್ಟೆ 0.9, ಉಳಿದ ಸಣ್ಣಪುಟ್ಟವು 1 ಕಿಲೋ. ಎರಡು ಲೀಟರ್ ನೀರು, ಒಂದು ಕಿಲೋ ತಿನಿಸು ಸೇರಿಸಿದರೆ 9 ಕಿಲೋ. ಒಟ್ಟು ಭಾರ ದೇಹದ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ರೂಢಿಯ ನಿಯಮ. 60 ಕಿಲೋ ತೂಗುವವರಿಗೆ ಅದು 12 ಕಿಲೋ ಆಗುತ್ತದೆ, ಆದರೆ ನಡಿಗೆಯ ಅಭ್ಯಾಸ ಕಡಿಮೆ ಇರುವವರು 9ರಲ್ಲೇ ನಿಲ್ಲುವುದು ಲೇಸು.

ತೂಗಿದ ಮೇಲೆ ಬಿಡಬೇಕಾದವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಒಂದು ಲೀಟರಿನ ಸ್ಟೀಲ್ ಬಾಟಲಿ ಖಾಲಿಯಿದ್ದಾಗಲೇ ಮುನ್ನೂರು ಗ್ರಾಂ ದಾಟುವುದುಂಟು. ಇಡೀ ಟೂತ್‌ಪೇಸ್ಟ್, ಇಡೀ ಸಾಬೂನು, ಶಾಂಪೂ ಡಬ್ಬಿ, ದಪ್ಪ ಟರ್ಕಿ ಟವಲ್ ಇವೆಲ್ಲ ಸೇರಿ ಸುಲಭವಾಗಿ ಒಂದು ಕಿಲೋ ಆಗುತ್ತವೆ. ಹಿಮದಲ್ಲಿ ಸ್ನಾನ ಮಾಡುವವರು ಯಾರೂ ಇಲ್ಲ.

ಹಂತ 3: ಬಟ್ಟೆಯ ಪದರಗಳು

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಕಡೆಯ ರೂಢಿಗೂ ಬೆಟ್ಟದ ಅಗತ್ಯಕ್ಕೂ ನೇರ ವಿರೋಧ ಇರುವುದು ಇಲ್ಲಿಯೇ. ಬಳ್ಳಾರಿ ಜೀನ್ಸ್ ಹೊಲಿಯುವ ಊರು. ದೇಶದ ಮೂಲೆಮೂಲೆಗೆ ಇಲ್ಲಿಂದ ಪ್ಯಾಂಟುಗಳು ಹೋಗುತ್ತವೆ. ಬೆಟ್ಟಕ್ಕೆ ಮಾತ್ರ ಅವು ಹೋಗಬಾರದು. ಜೀನ್ಸ್ ಎಂದರೆ ಒತ್ತಾಗಿ ನೇಯ್ದ ಹತ್ತಿ. ಹತ್ತಿಯ ನಾರು ನೀರನ್ನು ತನ್ನೊಳಗೇ ಹೀರಿಕೊಂಡು ಬೇಗ ಬಿಡುವುದಿಲ್ಲ. ಎಳೆಗಳ ನಡುವಿನ ಗಾಳಿಯ ಜಾಗವನ್ನು ನೀರು ತುಂಬಿಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ ಒದ್ದೆ ಹತ್ತಿ ಮೈಯ ಬಿಸಿಯನ್ನು ಹೊರಕ್ಕೆ ಎಳೆಯುತ್ತದೆ. ನಮ್ಮ ಬಿಸಿಲಿನಲ್ಲಿ ಹತ್ತಿಯನ್ನು ಹಿತವಾಗಿಸುವ ಗುಣವೇ ಹಿಮದಲ್ಲಿ ಅಪಾಯಕಾರಿಯಾಗುತ್ತದೆ. ಈ ಮಾತು ಜೀನ್ಸಿಗಿಂತ ಹೆಚ್ಚಾಗಿ ಬನಿಯನ್‌ಗೆ ಅನ್ವಯಿಸುತ್ತದೆ: ಮೇಲೆ ಎಷ್ಟೇ ಒಳ್ಳೆಯ ಜಾಕೆಟ್ ಇದ್ದರೂ ಮೈಗೆ ಅಂಟಿದ ಬನಿಯನ್ ಬೆವರಿನಿಂದ ತೊಯ್ದಿದ್ದರೆ ನಿಂತ ಕೂಡಲೇ ನಡುಕ ಶುರುವಾಗುತ್ತದೆ.

ಮೊದಲ ಪದರದ ಕೆಲಸ ಬೆವರನ್ನು ಚರ್ಮದಿಂದ ದೂರ ಸಾಗಿಸುವುದು. ಪಾಲಿಯೆಸ್ಟರ್ ತನ್ನ ನಾರಿನೊಳಗೆ ಶೇ 1ರಷ್ಟೂ ತೇವ ಹೀರುವುದಿಲ್ಲವಾದ್ದರಿಂದ ಬೇಗ ಒಣಗುತ್ತದೆ, ಬೆಲೆಯೂ ಕೈಗೆಟುಕುತ್ತದೆ; ಎರಡು ದಿನದಲ್ಲಿ ವಾಸನೆ ಬರುವುದೊಂದೇ ದೋಷ. ಮೆರಿನೊ ಎಂಬ ತಳಿಯ ಕುರಿಯ ನಯವಾದ ಉಣ್ಣೆ ಬೇಗ ವಾಸನೆ ಹಿಡಿಯುವುದಿಲ್ಲ, ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಆದರೆ ಬೆಲೆ ಹೆಚ್ಚು. ಹಗಲು ನಡೆಯಲು ಎರಡು ಪಾಲಿಯೆಸ್ಟರ್ ಟೀ ಶರ್ಟ್, ರಾತ್ರಿ ಮಲಗಲು ಮೇಲೆ ಕೆಳಗೆ ಒಂದು ಜೊತೆ ಥರ್ಮಲ್, ಅಂದರೆ ಮೈಗಂಟುವ ಬೆಚ್ಚನೆಯ ಒಳಉಡುಪು, ಸಾಕು. ಪೇಟೆಯಲ್ಲಿ ಸಿಗುವ ಅಗ್ಗದ ಥರ್ಮಲ್‌ಗಳಲ್ಲಿ ಹಲವು ಹತ್ತಿ ಬೆರೆತವು. ಒಳಗಿನ ಲೇಬಲ್ ಓದದೆ ಕೊಳ್ಳಬಾರದು. ರಾತ್ರಿಯ ಥರ್ಮಲ್ ಧರಿಸಿ ಹಗಲು ನಡೆಯಲೂಬಾರದು.

ಎರಡನೆಯ ಪದರ ಫ್ಲೀಸ್. 300 ಗ್ರಾಮಿನ ಆಸುಪಾಸಿನ ತೆಳು ಫ್ಲೀಸ್ ಎರಡು ಅಕ್ರಿಲಿಕ್ ಸ್ವೆಟರುಗಳ ಕೆಲಸ ಮಾಡುತ್ತದೆ. ಮೂರನೆಯದು ನಿಂತಾಗ, ಕೂತಾಗ ಹಾಕುವ ಉಬ್ಬಿದ ಜಾಕೆಟ್. ಬಾತು ಅಥವಾ ಹಂಸಬಾತಿನ ಒಳಪುಕ್ಕ ತುಂಬಿದ ಡೌನ್ ಜಾಕೆಟ್ ತೂಕಕ್ಕೆ ಹೋಲಿಸಿದರೆ ಅತ್ಯಂತ ಬೆಚ್ಚನೆಯದು. ಅದರ ಮೇಲೆ 600, 700, 800 ಎಂದು ಬರೆದಿರುವ ಸಂಖ್ಯೆ ಫಿಲ್ ಪವರ್. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಪುಕ್ಕ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂಬುದರ ಅಳತೆ ಅದು. ಸಂಖ್ಯೆ ಹೆಚ್ಚಿದ್ದಷ್ಟೂ ಅಷ್ಟೇ ಶಾಖಕ್ಕೆ ಕಡಿಮೆ ತೂಕ. ಆದರೆ ಜಾಕೆಟ್ಟಿನಲ್ಲಿ ಒಟ್ಟು ಎಷ್ಟು ಗ್ರಾಂ ಪುಕ್ಕ ಇದೆ ಎಂಬುದನ್ನೂ ಕೇಳಬೇಕು. 800ರ ಪುಕ್ಕ ಚಿಟಿಕೆಯಷ್ಟಿದ್ದರೆ ಪ್ರಯೋಜನವಿಲ್ಲ. ಒದ್ದೆಯಾದರೆ ಪುಕ್ಕ ಮುದ್ದೆಗಟ್ಟಿ ಶಾಖ ಹಿಡಿಯುವುದನ್ನು ನಿಲ್ಲಿಸುತ್ತದೆ. ಮಳೆಯ ಸಂಭವ ಹೆಚ್ಚಿದ್ದಲ್ಲಿ ಸಿಂಥೆಟಿಕ್ ತುಂಬಿದ ಜಾಕೆಟ್ ತುಸು ಭಾರವಾದರೂ ಸುರಕ್ಷಿತ. ನಾಲ್ಕನೆಯದು ಗಾಳಿ, ಹಿಮ, ಮಳೆ ತಡೆಯುವ ಹೊರ ಅಂಗಿ. ಟೊಪ್ಪಿಗೆ ಇರಬೇಕು, ಕಂಕುಳಲ್ಲಿ ಜಿಪ್ ಇದ್ದರೆ ಇನ್ನೂ ಒಳ್ಳೆಯದು, ಮತ್ತು ಉಬ್ಬಿದ ಜಾಕೆಟ್ಟಿನ ಮೇಲೆ ಹಾಕಿದರೂ ಪುಕ್ಕ ಅಮುಕದಷ್ಟು ಸಡಿಲವಾಗಿರಬೇಕು.

ಕಾಲಿಗೆ ನೈಲಾನಿನ ಚಾರಣದ ಪ್ಯಾಂಟು ಎರಡು, ಅಷ್ಟೇ. ಉದ್ದ ಹೆಚ್ಚಾದರೆ ಬಳ್ಳಾರಿಯಲ್ಲಿ ಟೇಲರ್‌ಗಳಿಗೆ ಬರವಿಲ್ಲ. ತೆಳು ನೈಲಾನ್ ಬಟ್ಟೆ ಕೊಟ್ಟರೆ ದಾರ ಎಳೆದು ಕಟ್ಟುವ ಸಣ್ಣ ಚೀಲಗಳನ್ನೂ ಅವರೇ ಹೊಲಿದುಕೊಡುತ್ತಾರೆ. ಮಳೆ ಅಂಗಿಗೆ ಮಾತ್ರ ಸೂಜಿ ಹಾಕಿಸಬಾರದು, ಪ್ರತಿಯೊಂದು ತೂತಿನಿಂದಲೂ ನೀರು ಒಸರುತ್ತದೆ.

ಕಂಬಳಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಕುರಿಗಾಹಿಗಳು ಮಳೆಯಲ್ಲೂ ಬಯಲಿನಲ್ಲೂ ಹೊದೆಯುವ ದಖನಿ ಕುರಿಯ ಉಣ್ಣೆಯ ಕಂಬಳಿ ಒರಟಾದರೂ ತೇವದಲ್ಲಿಯೂ ಬೆಚ್ಚಗಿಡುವ ಅಪ್ಪಟ ವಸ್ತು. ಅದರ ಗುಣದಲ್ಲಿ ದೋಷವಿಲ್ಲ, ತೂಕದಲ್ಲಿದೆ: ಅದರ ಭಾರಕ್ಕೆ ಸ್ಲೀಪಿಂಗ್ ಬ್ಯಾಗ್ ಮತ್ತು ಡೌನ್ ಜಾಕೆಟ್ ಎರಡೂ ಬಂದುಬಿಡುತ್ತವೆ. ರೈಲಿಗೆ, ಬುಡದ ಹಳ್ಳಿಯ ವಸತಿಗೆ ಒಯ್ಯುವುದಾದರೆ ಒಯ್ಯಿರಿ, ಮೇಲೆ ಹತ್ತುವಾಗ ಅಲ್ಲಿಯೇ ಬಿಟ್ಟುಹೋಗಿ.

ಹಂತ 4: ತಲೆ, ಕೈ, ಪಾದ

ಕಿವಿ ಮುಚ್ಚುವ ಉಣ್ಣೆಯ ಅಥವಾ ಫ್ಲೀಸಿನ ಟೋಪಿ, ಕುತ್ತಿಗೆಗೆ ಕೊಳವೆಯಾಕಾರದ ಬಫ್, ಹಗಲಿಗೆ ಅಂಚಿನ ಟೋಪಿ. ಕೈಗೆ ಒಳಗೊಂದು ತೆಳು ಗ್ಲೌಸ್, ಮೇಲೊಂದು ನೀರು ತಡೆಯುವ ದಪ್ಪ ಗ್ಲೌಸ್. ಒಂದೇ ದಪ್ಪ ಜೊತೆ ಇದ್ದರೆ ಲೇಸ್ ಕಟ್ಟಲೂ ಅದನ್ನು ಬಿಚ್ಚಬೇಕಾಗುತ್ತದೆ. ಸಾಕ್ಸ್ ನಾಲ್ಕು ಜೊತೆ: ನಡೆಯಲು ಮೂರು, ಮಲಗಲು ಒಂದು ಉಣ್ಣೆಯದು. ಮಲಗುವ ಜೊತೆಯನ್ನು ಡೇರೆಯ ಹೊರಗೆ ಹಾಕಬಾರದು.

ಬೂಟು ಕಾಲಿನ ಅಳತೆಗಿಂತ ಅರ್ಧ ಸಂಖ್ಯೆ ದೊಡ್ಡದಿರಲಿ, ಏಕೆಂದರೆ ದಪ್ಪ ಸಾಕ್ಸ್ ಹಾಕಿದಾಗ ಬಿಗಿಯಾದರೆ ರಕ್ತ ಸಂಚಾರ ಕುಂಠಿತವಾಗಿ ಬೆರಳುಗಳು ಮರಗಟ್ಟುತ್ತವೆ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ತಾಗುವ ಬೂಟನ್ನು ಅಂಗಡಿಯಲ್ಲಿಯೇ ತಿರಸ್ಕರಿಸಬೇಕು. ಹಿಮಕ್ಕೆ ಬೇಕಾದ ಮೈಕ್ರೋಸ್ಪೈಕ್ (ಜಾರದಂತೆ ಬೂಟಿನ ಅಡಿಗೆ ತೊಡಿಸುವ ಮುಳ್ಳಿನ ಸರಪಳಿ) ಮತ್ತು ಗೇಟರ್‌ಗಳನ್ನು (ಬೂಟಿನೊಳಗೆ ಹಿಮ ನುಗ್ಗದಂತೆ ಕಾಲಿಗೆ ಕಟ್ಟುವ ಹೊದಿಕೆ) ಕೊಳ್ಳುವ ಬದಲು ಅಲ್ಲಿಯೇ ಬಾಡಿಗೆಗೆ ಪಡೆಯುವುದು ಜಾಣತನ. ಬಳ್ಳಾರಿಯಲ್ಲಿ ಅವುಗಳಿಗೆ ಬೇರೆ ಕೆಲಸವಿಲ್ಲ.

ಹಂತ 5: ಮಲಗುವ ವ್ಯವಸ್ಥೆ

ಸ್ಲೀಪಿಂಗ್ ಬ್ಯಾಗಿನ ಮೇಲೆ ಮೂರು ಉಷ್ಣತೆಗಳು ಬರೆದಿರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಮಾರುವವರು ದೊಡ್ಡಕ್ಷರದಲ್ಲಿ ತೋರಿಸುವುದು ಬಹಳ ಸಲ ಕೊನೆಯದನ್ನು. ಅದು ಜೀವ ಉಳಿಯಬಹುದಾದ ಮಿತಿ, ನಿದ್ರೆಯ ಮಿತಿಯಲ್ಲ. ಐಎಸ್‌ಒ 23537 ಮಾನದಂಡದಲ್ಲಿ ಕಂಫರ್ಟ್ ಎಂಬುದು ಸಾಮಾನ್ಯ ಮಹಿಳೆ ಆರಾಮವಾಗಿ ಮಲಗಬಲ್ಲ ಉಷ್ಣತೆ, ಲಿಮಿಟ್ ಎಂಬುದು ಸಾಮಾನ್ಯ ಪುರುಷ ಮುದುಡಿಕೊಂಡು ಮಲಗಬಲ್ಲ ಉಷ್ಣತೆ. ಸೆಕೆಗೆ ಒಗ್ಗಿದ ನಾವು, ಗಂಡಸರೇ ಆಗಲಿ ಹೆಂಗಸರೇ ಆಗಲಿ, ಕಂಫರ್ಟ್ ಅಂಕಿಯನ್ನೇ ನಂಬಬೇಕು.

ಕೆಳಗಿನಿಂದ ಬರುವ ಚಳಿಯನ್ನು ಎಷ್ಟೋ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಅಡಿಭಾಗ ಅಮುಕಿ ಅದರೊಳಗಿನ ಗಾಳಿ ಹೊರಹೋಗುವುದರಿಂದ ಅಲ್ಲಿ ರಕ್ಷಣೆ ಕೊಡುವುದು ಮ್ಯಾಟ್ ಮಾತ್ರ. ಮ್ಯಾಟಿನ ಶಾಖನಿರೋಧವನ್ನು ಆರ್-ಮೌಲ್ಯದಲ್ಲಿ ಅಳೆಯುತ್ತಾರೆ; ಸಾಮಾನ್ಯ ಫೋಮ್ ಮ್ಯಾಟಿನದು 2ರ ಆಸುಪಾಸು, ಹಿಮದ ಮೇಲೆ ಮಲಗಲು 4ಕ್ಕಿಂತ ಹೆಚ್ಚು ಬೇಕು. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಮೌಲ್ಯಗಳು ಕೂಡುತ್ತವೆ. ತಂಡದವರು ಮ್ಯಾಟ್ ಕೊಡುವುದಾದರೆ ಎಂತಹದ್ದು ಎಂದು ಮುಂಚಿತವಾಗಿ ಕೇಳಿಕೊಳ್ಳುವುದು ಸಂಕೋಚದ ವಿಷಯವಲ್ಲ.

ಹಂತ 6: ಚೀಲ ಮತ್ತು ತುಂಬುವ ಕ್ರಮ

ಇಷ್ಟು ಸಾಮಗ್ರಿಗೆ 45ರಿಂದ 50 ಲೀಟರಿನ ಚೀಲ ಸಾಕು. ದೊಡ್ಡ ಚೀಲ ಕೊಂಡರೆ ಖಾಲಿ ಉಳಿದ ಜಾಗವನ್ನು ಮನಸ್ಸು ತುಂಬದೆ ಬಿಡುವುದಿಲ್ಲ. ಸೊಂಟದ ಪಟ್ಟಿ ಗಟ್ಟಿಯಾಗಿದ್ದು ಸೊಂಟದ ಮೂಳೆಯ ಮೇಲೆ ಕೂರಬೇಕು. ಭಾರದ ಬಹುಪಾಲು ಹೊರಬೇಕಾದದ್ದು ಸೊಂಟ, ಹೆಗಲಿನ ಪಟ್ಟಿ ಚೀಲ ಹಿಂದಕ್ಕೆ ವಾಲದಂತೆ ಹಿಡಿಯಲಷ್ಟೇ ಇರುವುದು.

ಮೊದಲು ಒಳಗೆ ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ಅಸ್ತರಿನಂತೆ ಇಳಿಬಿಡಿ. ಹೊರಗಿನ ಮಳೆಹೊದಿಕೆ ಗಾಳಿಗೆ ಹಾರಬಹುದು, ಬೆನ್ನಿನ ಕಡೆಯಿಂದ ನೀರು ಇಳಿಯಬಹುದು. ಒಳಗಿನ ಅಸ್ತರು ಕೈಕೊಡುವುದಿಲ್ಲ. ತಳದಲ್ಲಿ ಸ್ಲೀಪಿಂಗ್ ಬ್ಯಾಗ್ ಮತ್ತು ರಾತ್ರಿಯ ಬಟ್ಟೆ. ನಡುವೆ ಬೆನ್ನಿಗೆ ಅಂಟಿದಂತೆ ಆಹಾರ, ಪವರ್ ಬ್ಯಾಂಕ್ ಮುಂತಾದ ಭಾರವಾದವು. ಅವುಗಳ ಹೊರಬದಿಗೆ ಫ್ಲೀಸ್ ಮತ್ತಿತರ ಹಗುರವಾದವು. ಎಲ್ಲಕ್ಕಿಂತ ಮೇಲೆ ಉಬ್ಬಿದ ಜಾಕೆಟ್ ಮತ್ತು ಮಳೆ ಅಂಗಿ, ಏಕೆಂದರೆ ಬೇಕಾದಾಗ ಇವು ಅರ್ಧ ನಿಮಿಷದಲ್ಲಿ ಕೈಗೆ ಬರಬೇಕು.

ಹಂತ 7: ನೀರು ಮತ್ತು ಬುತ್ತಿ

ನೀರಿಗೆ ಅಗಲ ಬಾಯಿಯ ಎರಡು ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ. ಕೊಳವೆಯಿಂದ ಹೀರುವ ಹೈಡ್ರೇಷನ್ ಚೀಲ ಹಂಪಿಯ ಬಿಸಿಲಿಗೆ ಚೆನ್ನ, ಹಿಮದಲ್ಲಿ ಕೊಳವೆಯೊಳಗಿನ ನೀರು ಹೆಪ್ಪುಗಟ್ಟುತ್ತದೆ. ಬಾಟಲಿಗಳಲ್ಲಿ ಒಂದಾದರೂ ಬಿಸಿನೀರು ತಡೆಯುವಂತಹದ್ದಿರಲಿ: ರಾತ್ರಿ ಬಿಸಿನೀರು ತುಂಬಿ ಮುಚ್ಚಳ ಬಿಗಿದು ಸಾಕ್ಸಿನೊಳಗೆ ಹಾಕಿ ಸ್ಲೀಪಿಂಗ್ ಬ್ಯಾಗಿನಲ್ಲಿ ಇಟ್ಟುಕೊಂಡರೆ ಪಾದ ಬೆಚ್ಚಗಿರುತ್ತದೆ, ಬೆಳಿಗ್ಗೆ ಕುಡಿಯಲು ಹೆಪ್ಪುಗಟ್ಟದ ನೀರೂ ಸಿಗುತ್ತದೆ.

ತಿನಿಸಿನ ವಿಷಯದಲ್ಲಿ ನಮ್ಮ ನಾಡು ಯಾರಿಗೂ ಕಡಿಮೆಯಿಲ್ಲ. ಕೊಬ್ಬು ಗ್ರಾಮಿಗೆ 9 ಕಿಲೋಕ್ಯಾಲೊರಿ ಕೊಟ್ಟರೆ ಹಿಟ್ಟು, ಸಕ್ಕರೆಗಳು 4 ಕೊಡುತ್ತವೆ. ಆದ್ದರಿಂದ ಎಣ್ಣೆಯಂಶವಿದ್ದು ನೀರಿನಂಶವಿಲ್ಲದ ತಿನಿಸೇ ಹಗುರವಾದ ಬುತ್ತಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 570 ಕಿಲೋಕ್ಯಾಲೊರಿ ಇದೆ. ಶೇಂಗಾ ಚಿಕ್ಕಿ, ಎಳ್ಳುಂಡೆ, ಖಡಕ್ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಇವು ದಿನಗಟ್ಟಲೆ ಕೆಡುವುದಿಲ್ಲ, ಬೆಂಕಿಯನ್ನೂ ಬೇಡುವುದಿಲ್ಲ. ಖಡಕ್ ರೊಟ್ಟಿ ಪುಡಿಯಾಗುತ್ತದೆಂದು ಕೊರಗಬೇಕಿಲ್ಲ. ಮೊದಲೇ ಮುರಿದು ಜಿಪ್ ಚೀಲಕ್ಕೆ ತುಂಬಿದರೆ ಜಾಗವೂ ಉಳಿಯುತ್ತದೆ. ಶೇಂಗಾ ಹೋಳಿಗೆ ಮೊದಲೆರಡು ದಿನಕ್ಕೆ. ಮಂಡಕ್ಕಿ ಮಾತ್ರ ಬೇಡ, ತೂಕವಿಲ್ಲದಿದ್ದರೂ ಅರ್ಧ ಚೀಲ ನುಂಗುತ್ತದೆ.

ಹಂತ 8: ಸಣ್ಣ ವಸ್ತುಗಳು

ಹೆಡ್‌ಲ್ಯಾಂಪ್, ಬದಲಿ ಬ್ಯಾಟರಿ, ಸೀಟಿ, ಸನ್‌ಸ್ಕ್ರೀನ್, ತುಟಿಗೆ ಮುಲಾಮು. ಅತಿನೇರಳೆ ಕಿರಣ ತಡೆಯುವ ಕಪ್ಪು ಕನ್ನಡಕವನ್ನು ಶೋಕಿ ಎಂದು ಬಿಡಬಾರದು. ಹಿಮದಿಂದ ಪ್ರತಿಫಲಿಸುವ ಬಿಸಿಲು ನಮ್ಮೂರಿನ ಏಪ್ರಿಲ್ ಬಿಸಿಲು ಕಂಡವರ ಕಣ್ಣನ್ನೂ ಬಾಧಿಸುತ್ತದೆ. ಔಷಧಗಳಲ್ಲಿ ಓಆರ್‌ಎಸ್, ಪ್ಯಾರಾಸಿಟಮಾಲ್, ಬ್ಯಾಂಡೇಜ್, ಗುಳ್ಳೆಗೆ ಹಚ್ಚುವ ಟೇಪ್, ನಿತ್ಯದ ಮಾತ್ರೆಗಳು. ಸುಮಾರು 2,500 ಮೀಟರ್ ಮೇಲೆ ಎತ್ತರದ ಕಾಯಿಲೆ ಕಾಣಿಸಿಕೊಳ್ಳಬಹುದು; ಅದಕ್ಕೆ ಬಳಸುವ ಅಸಿಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ, ವಿಶೇಷವಾಗಿ ಸಲ್ಫಾ ಔಷಧದ ಅಲರ್ಜಿ ಇರುವವರು, ತೆಗೆದುಕೊಳ್ಳಬಾರದು.

ಚಳಿಯಲ್ಲಿ ಬ್ಯಾಟರಿಗಳು ಬೇಗ ಬರಿದಾಗುತ್ತವೆ. ಫೋನು, ಪವರ್ ಬ್ಯಾಂಕುಗಳನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಇಡಬೇಕು, ಚೆಕ್-ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲೂ ರೈಲಿನಲ್ಲೂ ಒಯ್ಯುವಂತಿಲ್ಲ. ರಾಯಚೂರಿನಿಂದಲೋ ಗುಂತಕಲ್ಲಿನಿಂದಲೋ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದೆಹಲಿಗೆ ಹೋಗುವವರು ರೈಲಿನ ಬಟ್ಟೆಗಳಿಗೆ ಬೇರೆ ಸಣ್ಣ ಚೀಲ ಇಟ್ಟುಕೊಂಡರೆ ಚಾರಣದ ಚೀಲವನ್ನು ದಾರಿಯಲ್ಲಿ ಬಿಚ್ಚುವ ಪ್ರಸಂಗವೇ ಬರುವುದಿಲ್ಲ.

ಹಂತ 9: ಊರಿನಲ್ಲಿಯೇ ಪರೀಕ್ಷೆ

ತೂಕದ ಪರೀಕ್ಷೆಗೆ ನಮ್ಮಲ್ಲಿ ಒಳ್ಳೆಯ ಜಾಗಗಳಿವೆ. ಹೊರಡುವ ತಿಂಗಳ ಮುಂಚೆ ಪೂರ್ತಿ ತುಂಬಿದ ಚೀಲ ಹೊತ್ತು ಆನೆಗುಂದಿಯ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯಿರಿ, ಅಥವಾ ಬಳ್ಳಾರಿ ಕೋಟೆಯ ಬೆಟ್ಟ ಏರಿರಿ. ಹೆಗಲು ನೋಯುತ್ತಿದ್ದರೆ ಸೊಂಟಪಟ್ಟಿ ಸಡಿಲವಿದೆ. ಮಂಡಿ ನೋಯುತ್ತಿದ್ದರೆ ತೂಕ ಇಳಿಸಬೇಕು. ಸಂಡೂರಿನ ಕಾಡುದಾರಿಗಳಿಗೆ ಹೋಗುವವರು ಅನುಮತಿ ಬೇಕಾದಲ್ಲಿ ಪಡೆದು, ಕರಡಿ, ಚಿರತೆಗಳು ಓಡಾಡುವ ಮುಂಜಾನೆ ಮತ್ತು ಮುಸ್ಸಂಜೆಯ ಹೊತ್ತು ತಪ್ಪಿಸಿ.

ಚಳಿಯನ್ನು ಇಲ್ಲಿ ಪರೀಕ್ಷಿಸಲಾಗದು, ತೇವವನ್ನು ಪರೀಕ್ಷಿಸಬಹುದು. ನಿಮ್ಮ ಜೀನ್ಸ್, ಬನಿಯನ್, ಚಾರಣದ ಪ್ಯಾಂಟು, ಪಾಲಿಯೆಸ್ಟರ್ ಅಂಗಿ ಇವನ್ನು ಒಣಗಿದಾಗ ತೂಗಿ, ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ತೂಗಿ ರಾತ್ರಿ ಫ್ಯಾನಿಲ್ಲದ ಕೋಣೆಯಲ್ಲಿ ಹರಡಿ. ಬಿಸಿಲಿಗೆ ಹಾಕಿದರೆ ಬಳ್ಳಾರಿಯಲ್ಲಿ ಎಲ್ಲವೂ ಒಣಗುತ್ತದೆ, ವ್ಯತ್ಯಾಸ ತಿಳಿಯುವುದಿಲ್ಲ. ಬೆಳಿಗ್ಗೆ ಮುಟ್ಟಿ ನೋಡಿದಾಗ ಇನ್ನೂ ತಣ್ಣಗಿರುವ ಬಟ್ಟೆ ಮನೆಯಲ್ಲಿ ಉಳಿಯಲಿ.

ಹಂತ 10: ದಾರಿಯಲ್ಲಿ ಬಳಸುವ ಬಗೆ, ಮರಳಿದ ಮೇಲಿನ ಜೋಪಾನ

ಬೆಳಿಗ್ಗೆ ಹೊರಡುವಾಗ ತುಸು ಚಳಿ ಎನಿಸುವಷ್ಟೇ ಬಟ್ಟೆ ಹಾಕಬೇಕು. ಹತ್ತು ನಿಮಿಷ ಏರಿದರೆ ಮೈ ತಾನಾಗಿ ಬಿಸಿಯಾಗುತ್ತದೆ. ಬೆವರು ಒಡೆದ ಮೇಲೆ ತೆಗೆಯುವುದಕ್ಕಿಂತ ಬೆವರುವ ಮುನ್ನವೇ ಒಂದು ಪದರ ತೆಗೆಯಬೇಕು, ನಿಂತ ಕೂಡಲೇ ಉಬ್ಬಿದ ಜಾಕೆಟ್ ಹಾಕಬೇಕು. ಬಿಡಾರ ಸೇರಿದ ತಕ್ಷಣ, ಚಹಾ ಕುಡಿಯುವ ಮೊದಲೇ, ಒದ್ದೆ ಅಂಗಿ ಬದಲಿಸಬೇಕು. ತುಸುವೇ ತೇವವಿರುವ ಸಾಕ್ಸನ್ನು ರಾತ್ರಿ ಹೊಟ್ಟೆಯ ಮೇಲೆ, ಅಂಗಿಯ ಪದರಗಳ ನಡುವೆ ಇಟ್ಟುಕೊಂಡರೆ ಮೈಯ ಶಾಖಕ್ಕೆ ಒಣಗುತ್ತದೆ.

ಊರಿಗೆ ಮರಳಿದ ಮೇಲೆ ಡೌನ್ ಜಾಕೆಟ್ ಮತ್ತು ಸ್ಲೀಪಿಂಗ್ ಬ್ಯಾಗನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ. ಅವುಗಳನ್ನು ಅಮುಕಿದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಪುಕ್ಕ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿಯಾಡುವ ದೊಡ್ಡ ಬಟ್ಟೆಚೀಲದಲ್ಲಿ ಸಡಿಲವಾಗಿ ಹಾಕಿ, ತಗಡಿನ ಚಾವಣಿಯ ಕೆಳಗಿನ ಅಟ್ಟದ ಬದಲು ತಂಪಾದ ಕಪಾಟಿನಲ್ಲಿಡಿ. ಗಣಿಯ ಕೆಂಪು ದೂಳು ಬೀಳುವ ಕಡೆ ವಾಸಿಸುವವರು ಜಿಪ್ಪುಗಳನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಮುಚ್ಚಿದ ಸ್ಥಿತಿಯಲ್ಲಿಯೇ ಚೀಲವನ್ನು ತೂಗುಹಾಕಬೇಕು.